ಕೇಳಿ ಕಲಿಯತಕ್ಕದ್ದು

ನೀರು ಸರಬರಾಜು ಕಚೇರಿಯ ನೌಕರರು ಇನ್ನು ಮುಂದೆ ತರಬೇತಿಗಳಿಗೆ ಹೋಗದೆ, ಒಂದು ಸಮುದಾಯವಾಗಿ, ಪರಸ್ಪರ ಕೇಳಿ ಕಲಿಯತಕ್ಕದ್ದು ಎಂಬ ಸುತ್ತೋಲೆ ಸೋಮವಾರ ಜಾರಿಗೆ ಬಂತು.

ಕೇಳುವುದೆಂದರೆ ಪ್ರಶ್ನೆ ಹಾಕುವುದು ಎಂದು ಮೇಲಿನ ಮಹಡಿಯವರು ಅರ್ಥ ಮಾಡಿಕೊಂಡರು. ಕಿವಿಗೊಡುವುದು ಎಂದು ಕೆಳಗಿನ ಮಹಡಿಯವರು. ಎರಡೂ ಸರಿಯೇ ಆದ್ದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ. ಹೇಳುವ ಕೆಲಸವನ್ನು ಮಾತ್ರ ಸುತ್ತೋಲೆ ಯಾರಿಗೂ ವಹಿಸಿರಲಿಲ್ಲ.

ಬಿಲ್ಲು ವಿಭಾಗದ ಗುಮಾಸ್ತೆಗೆ ಇದರಿಂದ ಪೇಚಾಟಕ್ಕಿಟ್ಟುಕೊಂಡಿತು. ಅವಳ ಮಗಳು ಬೇರೆ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಳು. ಆ ಊರಿಗೆ ವರ್ಗಾವಣೆ ಬೇಕಿದ್ದರೆ ಶನಿವಾರದೊಳಗೆ ಕಂಪ್ಯೂಟರಿನಲ್ಲೇ ಅರ್ಜಿ ಹಾಕಬೇಕು. ಅದು ಎಲ್ಲಿ ತೆರೆಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೊದಲೆಲ್ಲ ಇಂಥದ್ದು ಚಹಾದ ಹೊತ್ತಿಗೆ ಇತ್ಯರ್ಥವಾಗುತ್ತಿತ್ತು. ಯಾರಾದರೂ ಕಪ್ಪು ಹಿಡಿದುಕೊಂಡೇ ಬಂದು, “ಸ್ವಲ್ಪ ಸರೀರಿ” ಎಂದು ತೋರಿಸಿಕೊಟ್ಟು ಹೋಗುತ್ತಿದ್ದರು. ಅದನ್ನೇ ಕಲಿಕೆ ಎನ್ನುತ್ತಾರೆಂದು ಮೇಲಧಿಕಾರಿಗಳಿಗೆ ಗೊತ್ತಾದ ಕೂಡಲೇ ಚಹಾದ ಹೊತ್ತನ್ನು ರದ್ದು ಮಾಡಿ, ಆ ಸಮಯವನ್ನು ಕಲಿಕೆಗೆ ಮೀಸಲಿಟ್ಟಿದ್ದರು.

ಅವಳು ಕೆಳಗಿಳಿದು ಕಂಪ್ಯೂಟರ್ ನೋಡಿಕೊಳ್ಳುವವನ ಮುಂದೆ ನಿಂತಳು.

“ಅಣ್ಣಾ, ವರ್ಗಾವಣೆ ಅರ್ಜಿ ಎಲ್ಲಿ ಬರುತ್ತೆ?”

ಅವನು ಕುರ್ಚಿ ತಿರುಗಿಸಿ, ಕೈಕಟ್ಟಿ ಕೂತ. “ಹೇಳಿ ಅಕ್ಕಾ, ಕೇಳ್ತಿದೀನಿ.”

“ಹೇಳಬೇಕಾದವರು ನೀವು.”

“ನಾನು ಹೇಳಿದ್ರೆ, ಯಾವ ನಿಯಮದ ಪ್ರಕಾರ ಹೇಳಿದೆ ಅಂತ ಕೇಳ್ತಾರಕ್ಕಾ.”

“ಯಾರು ಕೇಳ್ತಾರೆ?”

“ಮೇಲಿನ ಮಹಡಿಯವರು. ಅವರ ಕೆಲಸವೇ ಅದಲ್ವಾ?”

ಮೇಲೆ ಬಂದರೆ ಮೇಲ್ವಿಚಾರಕರು ಕಾದೇ ಕೂತಿದ್ದರು. “ಏನಮ್ಮಾ, ಮಗಳು ಹೇಗಿದಾಳೆ? ಅರ್ಜಿ ಹಾಕಿದ್ರಾ? ಯಾಕೆ ಹಾಕಿಲ್ಲ?”

“ಎಲ್ಲಿ ಹಾಕೋದು ಸಾರ್?”

“ಒಳ್ಳೆ ಪ್ರಶ್ನೆ” ಎಂದು ಅವರು ಮನಸಾರೆ ಮೆಚ್ಚಿಕೊಂಡರು. “ಇದನ್ನ ಬೇರೆ ಯಾರನ್ನಾದ್ರೂ ಕೇಳಿದ್ರಾ?”

ಕೊನೆಗೆ ಅವಳು ಕೇಂದ್ರ ಕಚೇರಿಗೇ ಬರೆದಳು. ಮರುದಿನವೇ ಉತ್ತರ ಬಂತು: “ತಮ್ಮ ಮನವಿಯನ್ನು ಕೇಳಲಾಗಿದೆ.” ಕೇಳಿದ್ದು ಯಾವ ಅರ್ಥದಲ್ಲಿ ಎಂಬುದನ್ನು ತಿಳಿಸಿರಲಿಲ್ಲ. ಶನಿವಾರ ಕಳೆದುಹೋಯಿತು.

ತಿಂಗಳ ಕೊನೆಗೆ ನಿರ್ದೇಶಕರು ಬಂದರು. ಈ ಕಚೇರಿಯಿಂದ ಒಂದೇ ಒಂದು ತಪ್ಪು ಬಿಲ್ಲೂ ಹೋಗಿಲ್ಲ ಎಂದು ಹೊಗಳಿದರು. ಅದು ನಿಜವೇ. ಬಿಲ್ಲೇ ಹೋಗಿರಲಿಲ್ಲ. ಇದನ್ನು ಮಾದರಿ ಕಲಿಕಾ ಸಮುದಾಯವೆಂದು ಘೋಷಿಸಿ, ಸಮುದಾಯ ಒಡೆಯಬಾರದೆಂಬ ಕಾಳಜಿಯಿಂದ ಇಲ್ಲಿನ ಯಾರನ್ನೂ ನಿವೃತ್ತಿಯವರೆಗೆ ವರ್ಗ ಮಾಡತಕ್ಕದ್ದಲ್ಲ ಎಂದು ಅಪ್ಪಣೆ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದವರನ್ನು ನೋಡಿ ಕಲಿತು ಅವಳೂ ತಟ್ಟಿದಳು.

ಸಂಜೆ ಮಗಳ ಫೋನು ಬಂತು.

“ಅಮ್ಮಾ, ಯಾವಾಗ ಬರ್ತೀಯಾ?”

“ಕೇಳ್ತೀನಿ ಪುಟ್ಟಿ.”

“ಅಂದ್ರೆ ಯಾರನ್ನಾದ್ರೂ ಕೇಳ್ತೀಯಾ, ಇಲ್ಲಾ ನಾನು ಹೇಳೋದನ್ನ ಸುಮ್ನೆ ಕೇಳ್ತೀಯಾ?”

“ಎರಡೂನು.”

ಮಗಳು ಒಳಗೆ ಕೂಗಿದಳು. “ಅಜ್ಜೀ, ಅಮ್ಮ ಬರಲ್ವಂತೆ.”

“ಇರ್ಲಿ ಬಿಡು,” ಎಂದಿತು ಅಜ್ಜಿಯ ದನಿ. “ಕೆಲಸ ಕಲೀತಿದಾಳೆ.”