ಕಿತ್ತಳೆ ಬಣ್ಣದ ‘ಜಡ್ಜ್’ ಕಾರಿನ ಮಾರಾಟ ಕುರಿತು

ರೈಸ್‌ವೈಕ್, ನೆದರ್ಲೆಂಡ್ಸ್
ಆಗಸ್ಟ್ 1998, ಶನಿವಾರ

ಇಂದ:
ಮುರಳೀಧರ, ಬಿ.ಇ.,
ತಮ್ಮ ಏಕೈಕ ಅಳಿಯ.

ಗೆ:
ಶ್ರೀಮತಿ ಗಿರಿಜಮ್ಮನವರು,
ನಿವೃತ್ತ ಕಚೇರಿ ಅಧೀಕ್ಷಕರು, ಮೈಸೂರು.
(ಮಗಳ ಬಾಣಂತನದ ನಿಮಿತ್ತ ಹಾಲಿ ಅಳಿಯನ ಮನೆ.)

ವಿಷಯ: ಅಮೆರಿಕದ ಹಳೇ ಕಾರನ್ನು ಮಾರಬೇಕೆಂಬ ಆದೇಶದ ಬಗ್ಗೆ ಸ್ಪಷ್ಟೀಕರಣ ಕೋರಿ.

ಉಲ್ಲೇಖ:
1. ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಪಾಯಸ ಬಡಿಸುತ್ತಾ ತಾವು ಹೊರಡಿಸಿದ ಮೌಖಿಕ ಆದೇಶ.
2. “ಬಾಯಿಮಾತು ಬೇಡ ಅಳಿಯಂದ್ರೇ, ಏನಿದ್ರೂ ಬರವಣಿಗೇಲಿ ಕೊಡಿ” ಎಂಬ ತಮ್ಮ ಅದೇ ದಿನದ ಸೂಚನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಅರ್ಜಿದಾರನಿಗೆ ಅಮೆರಿಕದ ದೈತ್ಯ ಕಾರುಗಳ ಹುಚ್ಚು ಹೈಸ್ಕೂಲಿನಲ್ಲೇ ಹತ್ತಿತು. ದೇವರಾಜ ಮಾರುಕಟ್ಟೆಯ ಬಳಿ ಹಳೇ ಪತ್ರಿಕೆ ಮಾರುವವರ ಹತ್ತಿರ ಸಿಕ್ಕ 1969ರ ಅಂಥದೊಂದು ಕಾರಿನ ಬಣ್ಣದ ಚಿತ್ರವನ್ನು ಆತ ಸಂಸ್ಕೃತ ಪುಸ್ತಕಕ್ಕೆ ರಟ್ಟಾಗಿ ಹಾಕಿಕೊಂಡಿದ್ದನು. ಆದಕಾರಣ ಶಬ್ದರೂಪಗಳಲ್ಲಿ ಒಂದೂ ತಲೆಗೆ ಹತ್ತಲಿಲ್ಲ. ಮನೆಯಲ್ಲಿ ಸೈಕಲ್ಲೂ ಇರಲಿಲ್ಲವಾದ್ದರಿಂದ ಹುಚ್ಚಿಗೆ ಖರ್ಚೂ ಇರಲಿಲ್ಲ.

2. ಈಗ ಹೂಫ್‌ಡಾರ್ಪಿನ ಕಚೇರಿಯಲ್ಲಿ, ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳು ಕೆಡುತ್ತವೆಂದು ಎಲ್ಲರೂ ಬೆವರುತ್ತಿರುವಾಗ, ಅರ್ಜಿದಾರನ ಮನಸ್ಸು ಮಾತ್ರ 1969ರಲ್ಲೇ ನಿಂತಿದೆ. ಹೋದ ವರ್ಷ ನೂರ್ಡ್‌ವೈಕ್ ಬಳಿ ಹೂವಿನ ಗಡ್ಡೆಗಳ ಗೋದಾಮೊಂದರಲ್ಲಿ, ತಾಡಪಾಲಿನ ಕೆಳಗೆ, ಅದೇ ಇಸವಿಯ ಪಾಂಟಿಯಾಕ್ ಕಾರೊಂದು ಸಿಕ್ಕಿತು. ಬಣ್ಣ ಕಿತ್ತಳೆ. ಮೈಮೇಲೆ ‘ದಿ ಜಡ್ಜ್’ ಎಂಬ ಬರಹ. ಬಾಗಿಲು ಎರಡೇ. ಮುಟ್ಟಿ ನೋಡುವ ಮೊದಲು ಅರ್ಜಿದಾರನು ಬೂಟು ಕಳಚಿದನು ಎಂಬುದನ್ನು ದಾಖಲೆಗಾಗಿ ನಮೂದಿಸಲಾಗಿದೆ.

3. ಅದನ್ನು ಕೊಂಡು ತಂದ ಸಂಜೆ ತಮ್ಮ ಮಗಳು ಪದ್ಮಿನಿ ಫೋನಿನಲ್ಲಿ, “ಅಮ್ಮಾ, ಇವರು ಜಡ್ಜ್‌ನ ಮನೆಗೆ ಕರ್ಕೊಂಡು ಬಂದಿದಾರೆ” ಎಂದು ಅತ್ತಾಗ, ತಾವು “ಅಯ್ಯೋ, ಮೊದಲೇ ಹೇಳಬಾರ್ದಾ! ಅವರು ಈರುಳ್ಳಿ ತಿಂತಾರಾ?” ಎಂದು ಕೇಳಿದ್ದು ತಮಗೆ ನೆನಪಿರಬಹುದು.

4. ಕಾರು ಶುರುವಾದರೆ ಎದುರುಮನೆಯ ಹೆಂಕ್ ಅವರ ಕಿಟಕಿಯ ಗಾಜು ಅದುರುತ್ತಿತ್ತು. ಅವರು ಎರಡು ಸಲ ಬಾಗಿಲು ತಟ್ಟಿ, ಇಲ್ಲಿನವರ ಪದ್ಧತಿಯಂತೆ ನಗುತ್ತಲೇ ಬೈದು ಹೋದರು. ಆದ್ದರಿಂದ ಅರ್ಜಿದಾರನು ಕೆಲಸಕ್ಕೆ ರೈಲಿನಲ್ಲಿ ಹೋಗಿ, ಭಾನುವಾರ ಮಾತ್ರ ಕಾರನ್ನು ಒರೆಸಿ, ಒಳಗೆ ಕೂತು, ಇಳಿದು ಬರುತ್ತಿದ್ದನು. ಜೂನ್‌ನಲ್ಲಿ ತಾವು ದಯಮಾಡಿಸಿ, ಕಾರನ್ನು ಒಂದು ಸುತ್ತು ನೋಡಿ, “ಇದೇನು, ಐರಾವತ ಕಟ್ಟಿ ಸಾಕೋ ಮನೆಯಾ ಇದು?” ಎಂದಿರಿ. ಅರ್ಜಿದಾರನು ಒರೆಸುವ ಬಟ್ಟೆ ಮಡಚಿಕೊಂಡು ಒಳಗೆ ಹೋದನು.

5. ಜುಲೈನಲ್ಲಿ, ವಿಶ್ವಕಪ್ ಫುಟ್‌ಬಾಲಿನಲ್ಲಿ ಬ್ರೆಜಿಲ್ ಎದುರು ಇಲ್ಲಿನವರ ಸೆಮಿಫೈನಲ್ ಇದ್ದ ಸಂಜೆ, ಪದ್ಮಿನಿಗೆ ನೋವು ಕಾಣಿಸಿಕೊಂಡಿತು. ಟ್ಯಾಕ್ಸಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಊರಿಗೆ ಊರೇ ಟೀವಿ ಮುಂದೆ. ಆದಕಾರಣ ಜಡ್ಜನ್ನೇ ಹೊರಡಿಸಬೇಕಾಯಿತು. ಮುಂದಿನ ಸೀಟು ಮಡಚಿ ಪದ್ಮಿನಿಯನ್ನು ಹಿಂದೆ ಕೂರಿಸಿ, ತಾವೂ ಸೀರೆ ಎತ್ತಿಕಟ್ಟಿ ಅವಳ ಪಕ್ಕ ಸೇರಿಕೊಂಡಿರಿ.

ಮುಖ್ಯ ಬೀದಿಗೆ ಬರುವಷ್ಟರಲ್ಲಿ, ದೊಡ್ಡ ಪರದೆಯಲ್ಲಿ ಪಂದ್ಯ ನೋಡಲು ನೆರೆದ ಕಿತ್ತಳೆ ಅಂಗಿ, ಕಿತ್ತಳೆ ಟೋಪಿಯ ಜನಸಾಗರ. ನೆದರ್ಲೆಂಡ್ಸ್ ತಂಡದ ಬಣ್ಣದ್ದೇ ಕಾರು ಕಂಡು ಅವರಿಗೆ ಮೈಮೇಲೆ ದೇವರು ಬಂದಂತಾಯಿತು. ಒಬ್ಬ ಬಾನೆಟ್ ಮೇಲೆ ಕೂತ. ಇನ್ನೊಬ್ಬ ಕಹಳೆ ಊದಿದ. ಅಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪೆಟ್ರೋಲ್ ಖಾಲಿ.

“ರೀ, ನಿಮ್ಮ ಜಡ್ಜು ತೀರ್ಪು ಕೊಡೋಷ್ಟರಲ್ಲಿ ನಾನಿಲ್ಲೇ ಹೆತ್ತುಬಿಡ್ತೀನಿ!” ಎಂದಳು ಪದ್ಮಿನಿ.

ಆಗ ತಾವು ಕಿಟಕಿಯಿಂದ ತಲೆ ಹೊರಹಾಕಿ, “ಏಯ್, ಇಳೀರೋ ಕೆಳಗೆ! ಹುಡುಗಿ ಹೆರ್ತಾ ಇದಾಳೆ ಇಲ್ಲಿ!” ಎಂದು ಅಚ್ಚಗನ್ನಡದಲ್ಲಿ ಗದರಿದಿರಿ. ಗುಂಪಿನಲ್ಲಿದ್ದ ಹೆಂಕ್ ಒಳಗೆ ಇಣುಕಿ ನೋಡಿ, “ಬೇಬಿ! ಬೇಬಿ!” ಎಂದು ಕೂಗಿಕೊಂಡರು. ಅಷ್ಟೂ ಜನ ಕಾರಿಗೆ ಭುಜ ಕೊಟ್ಟರು. ತಾವು ಒಳಗಿನಿಂದ “ಐಲೇಸಾ!” ಎಂದರೆ ಬೀದಿಗೆ ಬೀದಿಯೇ “ಐಲೇಸಾ!” ಎನ್ನುತ್ತಿತ್ತು. ಸ್ಟಿಯರಿಂಗ್ ಹಿಡಿದಿದ್ದ ಅರ್ಜಿದಾರನಿಗೆ ಕಣ್ಣು ಮಂಜಾಗಿ ದಾರಿ ಸರಿಯಾಗಿ ಕಾಣಲಿಲ್ಲ. ಆಸ್ಪತ್ರೆ ತಲುಪಿದೆವು, ಹಿತಾ ಹುಟ್ಟಿದಳು. ಇಲ್ಲಿನವರು ಪಂದ್ಯ ಸೋತರು. ಮಾರನೆಯ ದಿನ ಹೆಂಕ್ ನಮ್ಮ ಬಾಗಿಲಲ್ಲಿ ನಿಂತು, ಮೈಸೂರ್ ಪಾಕ್ ತಿನ್ನುತ್ತಾ, ಮಗುವಿಗಾಗಿ ನಕ್ಕು ಪಂದ್ಯಕ್ಕಾಗಿ ಅತ್ತರು.

6. ಇಷ್ಟಾದರೂ ತೊಟ್ಟಿಲಿನ ದಿನ ತಾವು, “ಪೆಟ್ರೋಲ್ ಕುಡಿಯೋ ಈ ರಾಕ್ಷಸನ ಸಹವಾಸ ಸಾಕು, ಮಾರಿಬಿಡಿ” ಎಂದು ಆದೇಶಿಸಿದಿರಿ. ಎಳೆಗೂಸನ್ನು ಹಿಂದಿನ ಸೀಟಿನಲ್ಲಿ ಭದ್ರವಾಗಿ ಕೂರಿಸಲು ಬೆಲ್ಟೂ ಇಲ್ಲವಾದ್ದರಿಂದ ಅರ್ಜಿದಾರನು ಎದುರಾಡಲಿಲ್ಲ. ಪತ್ರಿಕೆಗೆ ಜಾಹೀರಾತು ಕೊಟ್ಟು ಬಂದವನು ರಾತ್ರಿ ಊಟ ಮಾಡಲಿಲ್ಲ. ತಾವು ಅದನ್ನು ಗಮನಿಸಿದಿರಿ.

7. ಅದಾದ ಮೇಲೆ, ಮನೆಯಲ್ಲಿ ಸೊಂಟಕ್ಕೆ ಆಗಿಬರುವ ಕುರ್ಚಿ ಇಲ್ಲವೆಂಬ ಕಾರಣ ನೀಡಿ, ತಾವು ದಿನಾ ಮಧ್ಯಾಹ್ನ ಸದರಿ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಣಂತಿಗೆ ಬೆಳ್ಳುಳ್ಳಿ ಸುಲಿಯತೊಡಗಿದಿರಿ. ಈ ಊರಿನಲ್ಲಿ ಮಾತಿಗೆ ಜನವಿಲ್ಲವೆಂದು ಕೊರಗುತ್ತಿದ್ದ ತಮಗೆ ಈಗ ಹೋಗುವವರು ಬರುವವರೆಲ್ಲ ಸೈಕಲ್ ನಿಲ್ಲಿಸಿ “ಐಲೇಸಾ!” ಎನ್ನುತ್ತಾರೆ. ತಾವೂ ಕೈಯೆತ್ತಿ ಆಶೀರ್ವದಿಸುತ್ತೀರಿ.

8. ಇಂದು ಬೆಳಿಗ್ಗೆ ಕಾರು ಕೊಳ್ಳಲು ದಂತವೈದ್ಯರೊಬ್ಬರು ಬಂದಿರುತ್ತಾರೆ. ತಾವು ಆಗಲೇ ಬುಟ್ಟಿ ಸಮೇತ ಕಾರಿನಲ್ಲಿದ್ದಿರಿ. “ಅತ್ತೆ, ಸ್ವಲ್ಪ ಇಳೀತೀರಾ?” ಎಂದರೆ, “ಬೆಳ್ಳುಳ್ಳಿ ಸುಲಿದಾಗ್ಲಿ, ಆಮೇಲೆ ನೋಡೋಣ. ಒಬ್ಬ ಮನುಷ್ಯನಿಗೆ ಇಷ್ಟು ದೊಡ್ಡ ಕಾರು ಯಾಕಂತೆ, ಕೇಳಿ” ಎಂದು ಗಾಜು ಏರಿಸಿಕೊಂಡಿರಿ. ಮತ್ತೆ ತಟ್ಟಿದರೆ, ಬರೆದುಕೊಡುವಂತೆ ಬೆರಳಿನಲ್ಲಿ ಸನ್ನೆ ಮಾಡಿದಿರಿ. ವೈದ್ಯರು ಮಳೆಯಲ್ಲಿ ನಿಂತು ಎರಡನೇ ಲೋಟ ಕಾಫಿ ಕುಡಿಯುತ್ತಿದ್ದಾರೆ. ಅರ್ಜಿಯನ್ನು ಮೆಟ್ಟಿಲ ಮೇಲೆ ಕೂತು ಬರೆಯಲಾಗಿದೆ.

ಆದ್ದರಿಂದ ತಾವು ದಯಮಾಡಿ (ಅ) ಮಾರಾಟದ ಆದೇಶವನ್ನು ಹಿಂಪಡೆಯಬೇಕು, ಇಲ್ಲವೇ (ಆ) ಸೀಟಿನಿಂದ ಇಳಿಯಬೇಕು. ಮಾರುವ ಆದೇಶ, ಇಳಿಯದ ಪಟ್ಟು, ಎರಡನ್ನೂ ಒಟ್ಟಿಗೆ ಪಾಲಿಸಲು ಅರ್ಜಿದಾರನಿಗೆ ಸಾಧ್ಯವಾಗುತ್ತಿಲ್ಲ. (ಅ) ಮಂಜೂರಾದರೆ ಬದುಕಿಕೊಂಡಾನು.

ಕಾರಿನ ಹೊರಗೆ, ಕೊಡೆಯಿಲ್ಲದೆ ನಿಂತಿರುವ
ತಮ್ಮ ವಿಶ್ವಾಸಿ,
ಮುರಳೀಧರ

ಅಡಕಗಳು:
1. ಪತ್ರಿಕೆಯಿಂದ ಕತ್ತರಿಸಿದ ಜಾಹೀರಾತು.
2. ಕಾರನ್ನು ಮಾರಕೂಡದೆಂದು ಹೆಂಕ್ ಅವರು ಡಚ್ ಭಾಷೆಯಲ್ಲಿ ಬರೆದ ಆಕ್ಷೇಪಣೆ.
3. ಇನ್ನೂ ಸುಲಿಯದ ಬೆಳ್ಳುಳ್ಳಿ, ಒಂದು ಚೀಲ ತುಂಬ. ಪದ್ಮಿನಿ ಈಗಷ್ಟೇ ಕೊಟ್ಟು ಕಳುಹಿಸಿದ್ದು.

ವಿ.ಸೂ.: ಅಡಕ ಮೂರನ್ನು ಒಳಗೆ ತೆಗೆದುಕೊಳ್ಳಲು ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಬೇಕಾಗಿ ಕೋರಿಕೆ.