ಕಟೋಂಗೊನ ಹೊಸ ಆರಂಭ

ಕಟೋಂಗೊ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಈ ಫಜೀತಿಯೇ ಇರಲಿಲ್ಲ. ಆದರೆ ಕಿಟ್ವೆಯ ನೀರು ಸರಬರಾಜು ಕಚೇರಿಯ ಈ ಗುಮಾಸ್ತನಿಗೆ ತಾನು ಚದುರಂಗದ ಮಹಾಪಂಡಿತ ಎಂಬ ಭ್ರಮೆ. ಬರುತ್ತಿದ್ದದ್ದು ಒಂದೇ ಆರಂಭ: ರಾಜನ ಮುಂದಿನ ಕಾಲಾಳನ್ನು ನೂಕಿ, ಪಕ್ಕದ ಕಾಲಾಳನ್ನು ಬಲಿಕೊಟ್ಟು, ಎದುರಾಳಿಯ ಮೈಮೇಲೆ ಬೀಳುವುದು. ಅದನ್ನೇ ಊರಿಗೆಲ್ಲ ಸಾರಿದ್ದ.

ಇವತ್ತು ಕ್ಲಬ್ಬಿನ ಕೊನೆಯ ಸುತ್ತು. ಲುಸಾಕಾದ ರಾಷ್ಟ್ರೀಯ ಪಂದ್ಯಕ್ಕೆ ಹೋಗಲು ಇದ್ದದ್ದು ಒಂದೇ ಸೀಟು. ಕಟೋಂಗೊ, ಈ ಸುತ್ತಿನ ಅವನ ಎದುರಾಳಿ ಮೇಷ್ಟ್ರು ಮುಸಕಾನ್ಯ, ಪಕ್ಕದ ಮನೆಯ ವಿಮಾ ಏಜೆಂಟ್ ಚಿಸುಲೊ, ಮೂವರಿಗೂ ಸಮ ಅಂಕ. ಚಿಸುಲೊನನ್ನಂತೂ ಕಟೋಂಗೊ ಆಟಗಾರನೆಂದೇ ಎಣಿಸಿರಲಿಲ್ಲ. ಸಂಜೆಯ ಬಸ್ಸಿಗೆಂದು ಬ್ಯಾಗು ತುಂಬಿ, ಹೆಂಡತಿ ಹುರಿದುಕೊಟ್ಟ ಕಡಲೆಕಾಯಿಯನ್ನೂ ಅದರಲ್ಲೇ ತುರುಕಿ, ಗೆದ್ದವನ ಠೀವಿಯಲ್ಲಿ ಹೊರಟ.

ಗೇಟಿನಲ್ಲೇ ಚಿಸುಲೊ ಅಡ್ಡಬಂದ. “ಬಾಸ್, ಇವತ್ತೂ ಅದೇ ರಾಜನ ಕಾಲಾಳಾ? ಮೇಷ್ಟ್ರು ಅದಕ್ಕೆ ಮದ್ದು ಅರೆದಿಟ್ಕೊಂಡು ಕೂತಿದ್ದಾರೆ!”

“ನಿಂಗ್ಯಾರು ಹೇಳಿದ್ದು?”

“ರಾತ್ರಿ ಅವರ ಮನೇಲೇ ಊಟ ಮಾಡ್ದೆನಲ್ಲ. ಮೊದ್ಲು ಕುದುರೆ ಬಿಡಿ. ಅವರೂ ಕುದುರೆ ಬಿಟ್ರೆ ಅದು ಬಲೆ. ನಿಮ್ಮದನ್ನ ತಕ್ಷಣ ಮನೆಗೆ ಕರ್ಕೊಳ್ಳಿ.”

ಆಟ ಶುರುವಾಯಿತು. ಕಟೋಂಗೊ ಕುದುರೆ ಬಿಟ್ಟ. ಮುಸಕಾನ್ಯ ಬೆಚ್ಚಿ, ತಾನೂ ಕುದುರೆ ಬಿಟ್ಟ. ಬಲೆ! ಕಟೋಂಗೊನ ಕುದುರೆ ವಾಪಸ್ ಬಂತು. ಮುಸಕಾನ್ಯನ ಕುದುರೆಯೂ ಬಾಲ ಮುದುರಿಕೊಂಡು ಹಿಂದಿರುಗಿತು. ಮತ್ತೆ ಹೊರಗೆ, ಮತ್ತೆ ಒಳಗೆ. ಇಬ್ಬರು ಪಂಡಿತರೂ ಬೆವರಿನಲ್ಲಿ ತೊಯ್ದುಹೋದರು.

“ಕುದುರೆ ಏನಾದ್ರೂ ಮರೆತು ಬಂದಿತ್ತಾ?” ಹಿಂದಿನಿಂದ ಯಾರೋ ಕೇಳಿದರು.

“ಬೀಗ ಹಾಕಿದ್ದೀನಾ ಅಂತ ನೋಡೋಕೆ ಹೋಗಿರ್ಬೇಕು!”

ಕೊನೆಗೆ ತೀರ್ಪುಗಾರ್ತಿ ಬಂದು ಗಡಿಯಾರ ನಿಲ್ಲಿಸಿದಳು. “ಅದೇ ಸ್ಥಿತಿ, ಐದನೇ ಸಲ. ಡ್ರಾ. ಏಳಿ, ಹಲಗೆ ಬೇರೆಯವರಿಗೆ ಬಿಡಿ.” ಎಲ್ಲವೂ ಮೊದಲಿದ್ದ ಮನೆಯಲ್ಲೇ ಇದ್ದುದರಿಂದ ಕಾಯಿಗಳನ್ನು ಮತ್ತೆ ಜೋಡಿಸುವ ಕೆಲಸವೂ ಇರಲಿಲ್ಲ.

“ಹಾಗಾದ್ರೆ ಸೀಟಿಗೆ ನಮ್ಮಿಬ್ರಿಗೂ ಇನ್ನೊಂದು ಆಟ?” ಎಂದ ಕಟೋಂಗೊ.

“ಯಾಕೆ? ಪಕ್ಕದ ಹಲಗೇಲಿ ಚಿಸುಲೊ ಆಗ್ಲೇ ಗೆದ್ದಾಯ್ತು. ನಿಮ್ಮಿಬ್ರಿಗಿಂತ ಅರ್ಧ ಅಂಕ ಮುಂದೆ.”

ಕಟೋಂಗೊ ಮುಸಕಾನ್ಯನತ್ತ ತಿರುಗಿದ. “ನೀವ್ಯಾಕ್ರೀ ಕುದುರೆ ಬಿಟ್ರಿ?”

“ಚಿಸುಲೊ ಹೇಳ್ದ. ನೀವು?”

ಅಷ್ಟರಲ್ಲಿ ಚಿಸುಲೊ ನಗುತ್ತ ಬಂದು ಬ್ಯಾಗಿಗೆ ಕೈಹಾಕಿದ. “ತುಂಬಿದ ಬ್ಯಾಗು ವಾಪಸ್ ಯಾಕೆ ಹೊರ್ತೀರಿ ಬಾಸ್, ಕೊಡಿ ನಂಗೆ.” ಒಂದು ಕಡಲೆಕಾಯಿ ಬಾಯಿಗೆಸೆದುಕೊಂಡ. “ಲುಸಾಕಾದಲ್ಲಿ ನಿಮ್ಮ ರಾಜನ ಕಾಲಾಳನ್ನೇ ಆಡ್ತೀನಿ. ಅದಕ್ಕೆ ಮೇಷ್ಟ್ರ ಹತ್ರಾನೇ ಮದ್ದಿಲ್ಲ ಅಂದ್ಮೇಲೆ ಇನ್ಯಾರ ಹತ್ರ ಇರುತ್ತೆ?”