ಗ್ರೂಪ್ ಫೋಟೋದ ಮೂಲೆಯಲ್ಲಿ ನಮ್ಮ ಮಾವ

ತಾನು ಸತ್ತುಹೋದ ಸುದ್ದಿಯನ್ನು ತನ್ನ ಕಿವಿಯಿಂದಲೇ ಕೇಳಿ, ಸದ್ಯ ಬದುಕಿದೆ ಅಂತ ನಿಟ್ಟುಸಿರು ಬಿಟ್ಟ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನು ನನ್ನ ಸೋದರಮಾವ. ಊರು ಗುಬ್ಬಿ. ಓದು ಬಿ.ಎ.

ಈ ಬಿ.ಎ.ಯನ್ನು ಬಿಟ್ಟು ಅವನ ಪರಿಚಯ ಹೇಳಿದರೆ ಮಾವನಿಗೆ ಸಿಟ್ಟು ಬರುತ್ತಿತ್ತು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ತುಮಕೂರಿನಲ್ಲಿ ಆಗ ಒಂದು ಪುಟ್ಟ ಆರ್ಟ್ಸ್ ಕಾಲೇಜಿತ್ತು. ಹಂಚಿನ ಮಾಡು, ಬೆರಳೆಣಿಕೆಯ ಕೋಣೆಗಳು, ಅಂಗಳದಲ್ಲೊಂದು ಹುಣಸೇಮರ, ಮರಕ್ಕೆ ನೇತುಹಾಕಿದ ರೈಲುಕಂಬಿಯ ತುಂಡು. ಅದೇ ಗಂಟೆ! ಐವತ್ತರ ದಶಕದ ಮೊದಲಲ್ಲಿ ಮಾವ ಅಲ್ಲಿ ತತ್ವಶಾಸ್ತ್ರ ಓದಿ, ಮೂರನೇ ದರ್ಜೆಯಲ್ಲಿ ಪಾಸು ಮಾಡಿ, ಸೀದಾ ಗುಬ್ಬಿಗೆ ಬಂದು ನಮ್ಮ ತಾತನ ಕೊಬ್ಬರಿ ಮಂಡಿಯಲ್ಲಿ ಕೂತ. "ಕೊಬ್ಬರಿ ತೂಗೋಕೆ ಬಿ.ಎ. ಯಾಕೆ ಸ್ವಾಮಿ?" ಅಂತ ಯಾರಾದರೂ ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು: "ತೂಗೋಕೆ ಬೇಡ. ತೂಗುವಾಗ ಏನು ಯೋಚಿಸ್ಬೇಕು ಅಂತ ತಿಳ್ಕೊಳ್ಳೋಕೆ ಬೇಕು!"

ನಮ್ಮದು ಕುಣಿಗಲ್ಲು. ಟೀಚರ್ ಟ್ರೈನಿಂಗ್ ಮುಗಿಸಿ ಗುಬ್ಬಿಯ ಸ್ಕೂಲಿನಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಮಾವನ ಮನೆಯಲ್ಲೇ ಇದ್ದೆ. ಹಾಗಾಗಿ ಅವನ ಕಾಲೇಜಿನ ಗಣ್ಯ ಪದವೀಧರರ ಕಥೆಗಳು ನನಗೆ ಊಟದ ಜೊತೆ ಉಪ್ಪಿನಕಾಯಿ ಇದ್ದಂತೆ ದಿನಾ ಸಿಗುತ್ತಿದ್ದವು. ಗಣ್ಯರು ಅಂದರೆ ಜಡ್ಜು, ಕಲೆಕ್ಟರು ಅಂದುಕೊಂಡಿರಾ? ಮಾವನ ಲೆಕ್ಕವೇ ಬೇರೆ. ಸಿ.ಎಸ್. ಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟವನೊಬ್ಬ ಗಣ್ಯ, ಯಾಕೆಂದರೆ ಅವನು ಅರ್ಥಶಾಸ್ತ್ರ ಓದಿದ್ದ, "ರಾಗಿಗೂ ಅರ್ಥಶಾಸ್ತ್ರಕ್ಕೂ ಇರೋ ಸಂಬಂಧ ಅವನೊಬ್ಬನಿಗೇ ಗೊತ್ತಾಗಿದ್ದು". ಮರಳೂರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಖಾನ್ ಸಾಹೇಬರು ಇನ್ನೊಬ್ಬ ಗಣ್ಯರು. ಟ್ಯೂಬಿಗೆ ಪ್ಯಾಚ್ ಹಾಕುತ್ತಾ ಮೊಘಲರು ಯಾಕೆ ಮುಳುಗಿದರು ಅಂತ ವಿವರಿಸುತ್ತಿದ್ದರಂತೆ. ಅವಸರದಲ್ಲಿದ್ದ ಗಿರಾಕಿಗಳು ಅಕ್ಬರನ ಕಾಲದಲ್ಲೇ ಸೈಕಲ್ಲು ತಳ್ಳಿಕೊಂಡು ಹೊರಟುಬಿಡುತ್ತಿದ್ದರು!

"ಮಾವ, ಇವರೆಲ್ಲ ಗಣ್ಯರಾದರೆ ಗಣ್ಯರಲ್ಲದವರು ಯಾರು?" ಅಂತ ಒಮ್ಮೆ ಕೇಳಿದೆ.

"ಫೇಲಾದೋರು" ಅಂದ. ಒಂದು ತುತ್ತು ನುಂಗಿ, "ಅವರಲ್ಲೂ ಒಳ್ಳೊಳ್ಳೆಯೋರು ಇದಾರೆ ಬಿಡು" ಅಂತ ಅವರನ್ನೂ ಸೇರಿಸಿಕೊಂಡ.

ಇಷ್ಟಾದರೂ ಗಣ್ಯರಲ್ಲಿ ಮೊದಲ ಮಣೆ ಮಾತ್ರ ಒಬ್ಬರಿಗೇ ಮೀಸಲು. ಅವರು ಮಾವನ ಜೀವದ ಗೆಳೆಯರು. ತುಮಕೂರಿನಲ್ಲಿ ಒಂದೇ ರೂಮು, ಒಂದೇ ಸ್ಟೌವು, ಒಬ್ಬರ ಅನ್ನಕ್ಕೆ ಇನ್ನೊಬ್ಬರ ಸಾರು ಅಂತ ಓದಿದವರು. ಪರೀಕ್ಷೆ ಮುಗಿದ ವಾರದಲ್ಲೇ ದೆಹಲಿಗೆ ಹೋದ ಅವರು ಅಲ್ಲಿ ಸರ್ಕಾರದಲ್ಲಿ ದೊಡ್ಡ ಸಾಹೇಬರಾಗಿಬಿಟ್ಟರು. ಹೊಸದರಲ್ಲಿ ಮಾವನಿಗೆ ಕಾಗದ ಬರೆದರಂತೆ. ಮಾವ ಉತ್ತರ ಬರೆಯಲಿಲ್ಲ!

ಏಕೆಂದರೆ ಮಾವ ಯಾರಿಗೂ ಕಾಗದ ಬರೆಯುತ್ತಿರಲಿಲ್ಲ. "ಕಾಗದದಲ್ಲಿ ಯಾರು ಬೇಕಾದ್ರೂ ಕ್ಷೇಮ ಅಂತ ಬರೀಬಹುದು. ಮುಖ ನೋಡಿದ್ರೆ ತಾನೇ ನಿಜ ಗೊತ್ತಾಗೋದು? ಬೇಕಾದೋರು ಬಸ್ಸು ಹತ್ತಿ ಬರ್ತಾರೆ" ಎಂಬುದು ಅವನ ಸಿದ್ಧಾಂತ. ಇದನ್ನು ಅವನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದ ಅಂದರೆ, ನಮ್ಮಣ್ಣನ ಮುಂಜಿಗೆ ಎರಡು ದಿನ ಮುಂಚೆ ಕುಣಿಗಲ್ಲಿಗೆ ಬಂದ. ಅಮ್ಮ ಸಂಭ್ರಮದಿಂದ ಕಾಲಿಗೆ ನೀರು ಕೊಟ್ಟರೆ, "ಇರೋಕೆ ಬಂದಿಲ್ಲ ಕಣಕ್ಕ. ಮಂಡೀಲಿ ಕೆಲಸ, ಮುಂಜಿಗೆ ಬರೋಕಾಗಲ್ಲ ಅಂತ ಹೇಳೋಕೆ ಬಂದೆ" ಅಂತ ಹೇಳಿ, ಊಟ ಮಾಡಿ, ಸಂಜೆಯ ಬಸ್ಸಿಗೆ ವಾಪಸು ಹೋದ! ಅಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದೆಹಲಿಯ ಕಾಗದಗಳು ನಿಂತುಹೋದವು. "ಬರ್ತಾನೆ ಬಿಡೇ, ಬರದೆ ಎಲ್ಲಿಗೆ ಹೋಗ್ತಾನೆ" ಅಂತ ಮಾವ ಹೇಳುತ್ತಲೇ ಇದ್ದ. ವರ್ಷಗಳು ಕಳೆದವು, ಸಾಹೇಬರು ಬರಲಿಲ್ಲ.

ಇನ್ನು ಆ ಗ್ರೂಪ್ ಫೋಟೋ ವಿಷಯ. ಕಾಲೇಜು ಬಿಡುವ ಮುನ್ನ ಕೋಟು, ಪೇಟ ತೊಟ್ಟು ಎಲ್ಲರೂ ಸಾಲಾಗಿ ಕೂತು ನಿಂತು ಫೋಟೋ ತೆಗೆಸಿಕೊಳ್ಳುವುದು ಪದ್ಧತಿ. ಆ ಬೆಳಿಗ್ಗೆ ಮಾವ ಮೀಸೆ ಒಪ್ಪ ಮಾಡಿಸಿಕೊಳ್ಳಲು ಕ್ಷೌರದಂಗಡಿಗೆ ಹೋದ. ಎಡಗಡೆ ಒಂದು ಚೂರು ಜಾಸ್ತಿ ಅನ್ನಿಸಿತು. ತೆಗೆಸಿದ. ಆಗ ಬಲಗಡೆ ಜಾಸ್ತಿ ಕಂಡಿತು. ಹೀಗೆ ನ್ಯಾಯ ಹಂಚುತ್ತಾ ಹಂಚುತ್ತಾ ಕೊನೆಗೆ ಮೂಗಿನ ಕೆಳಗೆ ಏನೂ ಉಳಿಯಲಿಲ್ಲ! ಆ ಮುಖ ಹೊತ್ತುಕೊಂಡು ಕಾಲೇಜಿಗೆ ಹೋಗಲು ನಾಚಿಕೆಯಾಗಿ ರೂಮಿನಲ್ಲೇ ಮುಸುಕು ಹಾಕಿ ಮಲಗಿಬಿಟ್ಟ.

ಬಾರದವರ ಮುಖವನ್ನು ಫೋಟೋದ ಮೇಲಿನ ಮೂಲೆಯಲ್ಲಿ, ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಕೂಡಿಸುವುದು ಆಗಿನ ಸ್ಟುಡಿಯೋಗಳ ರೂಢಿ. ಸ್ಟುಡಿಯೋದವರು ಗುಬ್ಬಿಗೆ ಹೇಳಿಕಳಿಸಿದರು, ನಿಮ್ಮ ಹುಡುಗನ ಫೋಟೋ ಕೊಡಿ ಅಂತ. ತಾತನ ಹತ್ತಿರ ಇದ್ದದ್ದು ಒಂದೇ: ಹಿಂದಿನ ಬೇಸಿಗೆಯಲ್ಲಿ ಆದ ಮದುವೆಯ ಫೋಟೋ. ಗೆಳೆಯರು ಆಡಿಕೊಳ್ಳುತ್ತಾರೆಂದು ಮಾವ ಮದುವೆಯ ಸಂಗತಿಯನ್ನು ಕಾಲೇಜಿನಲ್ಲಿ ಬಾಯಿ ಬಿಟ್ಟಿರಲಿಲ್ಲ, ರೂಮಿನ ಗೆಳೆಯನಿಗೂ. ತಾತನಿಗೆ ಅದೆಲ್ಲ ಏನು ಗೊತ್ತು? ಕೊಟ್ಟರು. ಸ್ಟುಡಿಯೋದವರು ಪಕ್ಕದಲ್ಲಿದ್ದ ಅತ್ತೆಯನ್ನು ಕತ್ತರಿಸಿ ತೆಗೆದು ಮಾವನನ್ನು ಮಾತ್ರ ಮೊಟ್ಟೆಯೊಳಗೆ ಕೂರಿಸಿದರು. ಈಗ ನೀವೇ ಊಹಿಸಿ: ಕೊರಳಲ್ಲಿ ದಪ್ಪ ಹೂಮಾಲೆ, ಹಣೆಗೆ ದೊಡ್ಡ ತಿಲಕ, ಹೋಮದ ಹೊಗೆಗೆ ಮುಚ್ಚಿದ ಕಣ್ಣು! ಕೆಳಗೆ ಸಾಲಾಗಿ ಗಂಭೀರವಾಗಿ ಕೂತ ಗೆಳೆಯರು!

"ಎಲ್ಲಾ ಸರಿ, ನನ್ನನ್ಯಾಕೆ ಕತ್ತರಿಸ್ಬೇಕಿತ್ತು?" ಎಂಬುದಷ್ಟೇ ಅತ್ತೆಯ ತಕರಾರು. ಅದನ್ನು ಅವಳು ವರ್ಷಗಟ್ಟಲೆ ಬಿಡಲಿಲ್ಲ.

ಅರವತ್ತರ ದಶಕದ ನಡುವಿನಲ್ಲಿ ಕಾಲೇಜಿಗೆ ಹೊಸ ಕಟ್ಟಡವಾಯಿತು. ಪ್ರಾರಂಭೋತ್ಸವದ ದಿನ ಹೆಸರು ಮಾಡಿದ ಹಳೆಯ ಪದವೀಧರರಿಗೆ ಸನ್ಮಾನ, ಮುಖ್ಯ ಅತಿಥಿ ದೆಹಲಿ ಸಾಹೇಬರು, ಉಳಿದ ಹಳೆಯ ವಿದ್ಯಾರ್ಥಿಗಳಿಗೆಲ್ಲ ಆಹ್ವಾನ ಅಂತ ಸುದ್ದಿ ಬಂತು. ಸಿ.ಎಸ್. ಪುರದ ಗಿರಣಿಗೆ ಇನ್ವಿಟೇಶನ್ ಬಂತು. ಮರಳೂರಿನ ಸೈಕಲ್ ಶಾಪಿಗೆ ಬಂತು. ನಮ್ಮ ಮನೆಗೆ ಬರಲಿಲ್ಲ. ಕಾಗದವೆಂದರೆ ಮೂಗು ಮುರಿಯುತ್ತಿದ್ದ ಮಾವ ಅಂಚೆಯವನ ದಾರಿ ಕಾಯತೊಡಗಿದ! ಮಂಡಿ ಬಿಟ್ಟು ಬೀದಿಯ ತುದಿಯವರೆಗೆ ಹೋಗಿ, "ನಮ್ಮನೆಗೇನಾದ್ರೂ ಇದೆಯೇನಪ್ಪಾ?" ಅಂತ ಕೇಳಿ, ಬರಿಗೈಲಿ ಬಂದು ಕೂರುತ್ತಿದ್ದ.

ಸಮಾರಂಭದ ಹಿಂದಿನ ಸಂಜೆ ಜಗಲಿಯಲ್ಲಿ ನಾನೊಬ್ಬಳೇ ಇದ್ದಾಗ ಮೆಲ್ಲಗೆ ಕೇಳಿದ:

"ಅಲ್ವೇ ಮಗೂ, ನಾನು ಏನೂ ಆಗಲಿಲ್ಲ ಅಂತ ಕರೀಲಿಲ್ವಾ?"

ಯಾವ ಪ್ರಶ್ನೆಗೂ ಮೂರು ಉತ್ತರ ಇಟ್ಟುಕೊಂಡಿರುತ್ತಿದ್ದ ಮಾವ ಹಾಗೆ ಕೇಳಿದ್ದಕ್ಕೆ ನನಗೆ ತುಂಬ ನೋವಾಯಿತು. "ಅಂಚೇಲಿ ಎಲ್ಲೋ ತಪ್ಪಿರತ್ತೆ ಮಾವ" ಅಂದೆ. ನನಗೂ ನಂಬಿಕೆ ಇರಲಿಲ್ಲ.

"ಕರೀದೆ ಹೋಗೋದು ಬೇಡಾಂದ್ರೆ" ಅಂದಳು ಅತ್ತೆ ಬೆಳಿಗ್ಗೆ.

"ತವರಿಗೆ ಹೋಗೋಕೆ ಕರೆಯೋಲೆ ಬೇಕೇನೇ?" ಅಂದ ಮಾವ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ. "ಹಿಂದಿನ ಬೆಂಚಲ್ಲಿ ಕೂತು ಅವನನ್ನ ಒಂದು ಸಲ ನೋಡ್ಕೊಂಡು ಬಂದ್ಬಿಡೋದು, ಅಷ್ಟೇ."

ಮೂವರೂ ಹೊರಟೆವು. ಕಾಲೇಜಿನ ವರಾಂಡದಲ್ಲಿ ಹಳೆಯ ಗ್ರೂಪ್ ಫೋಟೋಗಳನ್ನೆಲ್ಲ ಸಾಲಾಗಿ ನೇತುಹಾಕಿದ್ದರು. ಮಾವನ ತರಗತಿಯದೂ ಇತ್ತು. ಅದರ ಮೂಲೆಯಲ್ಲಿದ್ದ ಮೊಟ್ಟೆಗೆ ಮಾತ್ರ ಯಾರೋ ಸೇವಂತಿಗೆ ಹೂವಿನ ಮಾಲೆ ಸಿಕ್ಕಿಸಿ, ಗಾಜಿನ ಮೇಲೆ ಗಂಧದ ಬೊಟ್ಟು ಇಟ್ಟಿದ್ದರು! ಮಾವನ ಮುಖ ಅರಳಿಹೋಯಿತು.

"ನೋಡ್ರೇ! ಇಷ್ಟು ಜನದಲ್ಲಿ ನನಗೊಬ್ಬನಿಗೇ ಹೂವು! ಹೇಳ್ದೇ ಕೇಳ್ದೇ ಸನ್ಮಾನ ಮಾಡೋಣ ಅಂತ ಇದಾರೆ ಕಣೇ, ಅದಕ್ಕೇ ಇನ್ವಿಟೇಶನ್ ಕಳಿಸಿಲ್ಲ!"

ಅತ್ತೆ ಆ ಗಂಧದ ಬೊಟ್ಟನ್ನೇ ನೋಡುತ್ತಾ, "ಯಾಕೋ ನಂಗೆ ಇದು ಸರಿ ಕಾಣ್ತಿಲ್ಲ" ಅಂದಳು. ಕೇಳಲು ಮಾವ ಅಲ್ಲಿ ಇದ್ದರೆ ತಾನೇ? ಆಗಲೇ ಹಾಲಿನೊಳಗೆ ಹೋಗಿ ಹಿಂದಿನ ಬೆಂಚು ಬಿಟ್ಟು ನಡುವಿನದರಲ್ಲಿ ಕೂತಿದ್ದ.

ಪ್ರಾರ್ಥನೆ ಮುಗಿಯಿತು. ಪ್ರಿನ್ಸಿಪಾಲರು ಊರಿಗೆ ಹೊಸಬರು. ಎದ್ದು ನಿಂತು, ದುಃಖದ ದನಿಯಲ್ಲಿ, ಅಕಾಲಮರಣಕ್ಕೆ ತುತ್ತಾದ ನಮ್ಮ ಪದವೀಧರರೊಬ್ಬರನ್ನು ಮೊದಲು ನೆನೆಯೋಣ ಎಂದು ಹೇಳಿ ಹೆಸರು ಓದಿದರು. ಮಾವನ ಹೆಸರು! ತಾತನ ಹೆಸರು, ಊರು ಗುಬ್ಬಿ ಅನ್ನುವುದನ್ನೂ ಬಿಡದೆ ಓದಿ, ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕೆಂದರು. ಹಾಲಿಗೆ ಹಾಲೇ ಎದ್ದಿತು. ಮಾವನೂ ಎದ್ದ! ಕೈ ಕಟ್ಟಿ, ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ಆ ಫೋಟೋದಲ್ಲಿದ್ದ ಹಾಗೇ ನಿಂತುಬಿಟ್ಟ!

ಹೆಸರು ಕೇಳಿಸಲಿಲ್ಲವಾ ಅಂತ ಆಮೇಲೆ ಕೇಳಿದ್ದಕ್ಕೆ, "ಕೇಳಿಸ್ತು. ಆದ್ರೆ ಮೌನ ಅಂದ್ಮೇಲೆ ಮಾತಾಡೋದು ಹೇಗೆ?" ಅಂದ. ತತ್ವಶಾಸ್ತ್ರ ಓದಿದವನಲ್ಲವೇ?

ಅತ್ತೆ ತತ್ವಶಾಸ್ತ್ರ ಓದಿರಲಿಲ್ಲ. ಹೆಂಗಸರ ಕಡೆಯಿಂದ ಅವಳ ದನಿ ಹಂಚು ಹಾರುವಂತೆ ಎದ್ದಿತು:

"ಅಯ್ಯಯ್ಯೋ! ನಿಮ್ಮ ಮೌನಕ್ಕಿಷ್ಟು ಬೆಂಕಿ ಹಾಕ! ನಮ್ಮನೆಯವರು ಇಲ್ಲೇ ನಿಂತಿದಾರಲ್ರೀ! ನನ್ನ ಹಣೆ ಮೇಲಿನ ಕುಂಕುಮ ಕಾಣಲ್ವೇನ್ರೀ ನಿಮಗೆ?"

ಪ್ರಿನ್ಸಿಪಾಲರ ಕೈಯಿಂದ ಕನ್ನಡಕ ಜಾರಿತು. ವೇದಿಕೆಯ ನಡುವಿನ ಕುರ್ಚಿಯಿಂದ ಸೂಟು ತೊಟ್ಟ ದಪ್ಪನೆಯ ಮನುಷ್ಯರೊಬ್ಬರು ಎದ್ದು, ಮೆಟ್ಟಿಲು ಹುಡುಕುವಷ್ಟೂ ತಾಳ್ಮೆಯಿಲ್ಲದೆ ಕೆಳಕ್ಕೆ ಧುಮುಕಿ, ಬೆಂಚುಗಳ ನಡುವೆ ನುಗ್ಗಿ ಬಂದು ಮಾವನ ಎರಡೂ ತೋಳು ಹಿಡಿದುಕೊಂಡರು. ಅವರೇ ದೆಹಲಿ ಸಾಹೇಬರು.

"ಬದುಕಿದೀಯೇನೋ?"

"ಹೂಂ ಕಣೋ. ಸುಮಾರಾಗಿ" ಅಂದ ಮಾವ.

"ದೆಹಲಿಗೆ ಆ ಗ್ರೂಪ್ ಫೋಟೋ ಕಳಿಸಿದ್ರು. ನೋಡ್ತೀನಿ, ಹಾರ ಹಾಕ್ಕೊಂಡು ಕಣ್ಣು ಮುಚ್ಕೊಂಡು ಮೂಲೇಲಿದೀಯ! ಕಾಗದ ಬರೆದ್ರೆ ಉತ್ತರ ಇಲ್ಲ. ಏನಂತ ತಿಳ್ಕೊಳ್ಳಲೋ ನಾನು? ಇವರು ಕಾಲೇಜಿನೋರು ಕೇಳಿದಾಗ ನಾನೇ ಹೇಳ್ದೆ, ಅವನು ಹೋಗ್ಬಿಟ್ಟ ಅಂತ!"

"ಅದು ನನ್ನ ಮದುವೆ ಫೋಟೋ ಕಣೋ!"

"ಮದುವೆ ಆಗಿದೆ ಅಂತ ನೀನೆಲ್ಲೋ ಹೇಳಿದ್ದೆ, ಕಳ್ಳ!" ಅನ್ನುತ್ತಾ ಸಾಹೇಬರು ಅಷ್ಟು ಜನರ ಮುಂದೆ ಅಳತೊಡಗಿದರು. "ಪ್ರತಿ ವರ್ಷ ಪಿತೃಪಕ್ಷದಲ್ಲಿ ನಿನಗೆ ಎಳ್ಳುನೀರು ಬಿಟ್ಟಿದೀನಲ್ಲೋ!"

ಬಲ್ಲವರಿಗೆ ಗೊತ್ತು, ಆ ಪಕ್ಷದಲ್ಲಿ ತಂದೆ ತಾತಂದಿರಿಗೆ ತರ್ಪಣ ಕೊಟ್ಟಾದ ಮೇಲೆ ತೀರಿಹೋದ ಗುರುಗಳಿಗೆ, ಗೆಳೆಯರಿಗೆ ಕೂಡ ಹೆಸರು ಹೇಳಿ ಒಂದು ಬೊಗಸೆ ಬಿಡಬಹುದು. ಎಷ್ಟು ಜನ ಗೆಳೆಯರನ್ನು ನೆನೆಸಿಕೊಳ್ಳುತ್ತಾರೋ ನಾನು ಕಾಣೆ. ಸಾಹೇಬರು ನೆನೆಸಿಕೊಂಡಿದ್ದರು, ಒಂದು ವರ್ಷವೂ ತಪ್ಪಿಸದೆ.

ಮಾವ ಅವರ ಮುಖವನ್ನೇ ನೋಡುತ್ತಾ ನಿಂತ. ಹಿಂದಿನ ಸಂಜೆಯಿಂದ ಅವನ ಹೆಗಲ ಮೇಲೆ ಕೂತಿದ್ದ ಭಾರ ಇಳಿದುಹೋದದ್ದು ನನಗೆ ಕಂಡಿತು. "ಅಂದ್ರೆ... ನೀನು ಮರ್ತಿರ್ಲಿಲ್ಲ" ಅಂದ. ಆಮೇಲೆ ಸುತ್ತ ಜನ ಇರುವುದು ನೆನಪಾಗಿ, "ಅದಕ್ಕೇ ಕಣೋ, ಪ್ರತಿ ವರ್ಷ ಪಿತೃಪಕ್ಷದಲ್ಲಿ ನನಗೆ ಹಸಿವೇ ಆಗ್ತಿರ್ಲಿಲ್ಲ!" ಅಂದ. ಹಾಲು ನಗುವಿನಿಂದ ತುಂಬಿಹೋಯಿತು.

ಕೊನೆಗೆ ಹೊಸ ಗ್ರೂಪ್ ಫೋಟೋ ತೆಗೆದರು. ಸಾಹೇಬರು ಮಾವನನ್ನು ಎಳೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಅತ್ತೆ ಯಾರೂ ಕರೆಯದೆಯೇ ಹೋಗಿ ಇಬ್ಬರ ನಡುವೆ ಹಿಂದೆ ನಿಂತು, "ಈ ಸಲ ನನ್ನನ್ನ ಕತ್ತರಿಸಿ ನೋಡೋಣ!" ಅಂತ ಫೋಟೋದವನಿಗೆ ಎಚ್ಚರಿಕೆ ಕೊಟ್ಟಳು. ಫೋಟೋ ಚೆನ್ನಾಗಿ ಬಂತು. ಮಾವನ ಕಣ್ಣು ಮಾತ್ರ ಮುಚ್ಚಿತ್ತು.

ಗುಬ್ಬಿಯ ಬಸ್ಸಿನಲ್ಲಿ ಮಾವ ಅತ್ತೆಯ ಕಡೆ ತಿರುಗಿ, "ಕರೀಬಾರ್ದು ಅಂತಲ್ಲ ಕಣೇ. ಸತ್ತೋಗಿದೀನಿ ಅಂದ್ಕೊಂಡಿದ್ರು, ಅಷ್ಟೇ!" ಅಂದ. ಇದಕ್ಕಿಂತ ಶುಭ ಸಮಾಚಾರ ಉಂಟೇ ಅನ್ನುವ ಹಾಗೆ! ಅತ್ತೆ ಉತ್ತರ ಕೊಡುವಷ್ಟರಲ್ಲಿ ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ.

ಆ ವರ್ಷ ಮಹಾಲಯ ಅಮಾವಾಸ್ಯೆ ಕಳೆದ ನಾಲ್ಕನೇ ದಿನ ನಮ್ಮ ಮನೆ ಮುಂದೆ ಜಟಕಾ ನಿಂತಿತು. ದೆಹಲಿ ಸಾಹೇಬರು ಪಂಚೆ ಉಟ್ಟು ಇಳಿದರು. ಕಾಗದ ಬರೆದಿರಲಿಲ್ಲ. ಬೇಕಾದವರಲ್ಲವೇ, ಬಂದಿದ್ದರು! "ಅಮಾವಾಸ್ಯೆ ದಿನ ತರ್ಪಣದಲ್ಲಿ ಅಪ್ಪನ ಹೆಸರು ಹೇಳಿದ್ಮೇಲೆ ನಾಲಿಗೆ ತಾನಾಗೇ ನಿನ್ನ ಹೆಸರಿಗೆ ಹೋಗ್ತಿತ್ತು ಕಣೋ. ಹಲ್ಲು ಕಚ್ಚಿ ನಿಲ್ಲಿಸ್ದೆ. ಯಾಕೋ ಹೆದರಿಕೆ ಆಯ್ತು. ನೋಡ್ಕೊಂಡು ಹೋಗೋಣ ಅಂತ ಬಂದೆ" ಅಂದರು.

ಮಾವ ಒಳಗೆ ಹೋಗಿ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಜಗಲಿಯ ಅಂಚಿನಲ್ಲಿ ನಿಂತ.

"ಹಿಡಿಯೋ ಕೈ. ಇಷ್ಟು ವರ್ಷ ನೀನು ಬಿಟ್ಟೆ, ಈಗ ನಾನು ಬಿಡ್ತೀನಿ ನೀರು."

ಸಾಹೇಬರು ನಗಲು ಹೋದರು, ಆಗಲಿಲ್ಲ. ಎರಡೂ ಕೈ ನೀಡಿದರು. ಮಾವ ನಿಧಾನವಾಗಿ ನೀರು ಹೊಯ್ದ. ಚೊಂಬು ಬರಿದಾಯಿತು. ಸಾಹೇಬರು ಕೈ ಹಿಂದಕ್ಕೆ ತೆಗೆಯಲಿಲ್ಲ, ಮಾವ ಬಗ್ಗಿಸಿದ ಚೊಂಬನ್ನು ಎತ್ತಲೂ ಇಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗಿನಿಂದಲೇ ಕೂಗಿದಳು: "ಸಾಕು ಬನ್ರೀ ಇಬ್ರೂ. ಎಲೆ ಹಾಕಿದೀನಿ. ಬದುಕಿರೋರು ಬಿಸಿ ಇದ್ದಾಗಲೇ ತಿನ್ಬೇಕು."